ಊರ ಮನೆಯ ಮಾಡೂ ಮುಂಬಯಿಯ ಮುಂಗಡವೂ

ಯುಗಾದಿ ಕಳೆದು ಬಿಸು ಹಬ್ಬ ಹತ್ತಿರವಾಗುತ್ತಲೇ ಮುಂಬಯಿಯಲ್ಲಿರುವ ಕರಾವಳಿಯ ಕನ್ನಡಿಗರಿಗೆ ಊರಿನಿಂದ ಒಂದು ಮಾತು ಬಂದೇ ಬರುತ್ತದೆ: "ಮಗಾ, ಈ ವರ್ಷ ಮಾಡು ಬಿಚ್ಚಿಸದಿದ್ದರೆ ಮಳೆಗಾಲ ಕಳೆಯುವುದು ಕಷ್ಟ." ಮಗನು ಹೋಟೆಲಿನಲ್ಲಿ ಎಂಜಲು ಮೇಜು ಒರೆಸಿ ಕೂಡಿಟ್ಟ ಹಣವನ್ನೋ, ಕಚೇರಿಯ ಸಂಬಳದ ಮೇಲೆ ತೆಗೆದ ಸಾಲವನ್ನೋ ಅಂದೇ ಕಳುಹಿಸುತ್ತಾನೆ. ಕಂತ್ರಾಟುದಾರನು ಮುಂಗಡ ಪಡೆಯುತ್ತಾನೆ. ಎರಡು ದಿನ ಬಂದು ಹೆಂಚು ಇಳಿಸುತ್ತಾನೆ. ಮೂರನೆಯ ದಿನದಿಂದ ಅವನ ಸುಳಿವಿಲ್ಲ. ಹತ್ತನಾವಧಿ ಬರುತ್ತದೆ, ಪಡುವಣದಲ್ಲಿ ಮೋಡ ಕಟ್ಟುತ್ತದೆ, ಮನೆಯ ಪಕಾಸುಗಳು ಮಾತ್ರ ಆಕಾಶವನ್ನು ನೋಡುತ್ತ ನಿಂತಿರುತ್ತವೆ.

ಇದು ಒಬ್ಬಿಬ್ಬರ ಗೋಳಲ್ಲ. ಇದನ್ನು ಬರೆಯುತ್ತಿರುವ ನಾವೂ ಈ ಪಾಠವನ್ನು ದುಡ್ಡು ತೆತ್ತೇ ಕಲಿತವರು. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ, ಒಪ್ಪಿದ ಹಣದ ಮೂರರಲ್ಲಿ ಎರಡು ಪಾಲನ್ನು ಮೊದಲೇ ಕೊಟ್ಟು, ಇನ್ನು ಚಿಂತೆಯಿಲ್ಲವೆಂದು ಗಲ್ಲಾಪೆಟ್ಟಿಗೆಯ ಮುಂದೆ ನೆಮ್ಮದಿಯಿಂದ ಕುಳಿತಿದ್ದೆವು. ಮೇಸ್ತ್ರಿಗಳು ಪಡುವಣದ ಇಳಿಜಾರನ್ನು ಬಿಚ್ಚಿ, ಟಾರ್ಪಾಲು ಹೊದಿಸಿ, ಮತ್ತೊಂದು ಮನೆಯ ಕೆಲಸಕ್ಕೆ ಹೋದರು. ಕೇಳಿದಾಗಲೆಲ್ಲ "ನಾಳೆ" ಎಂಬ ಒಂದೇ ಉತ್ತರ. ಮೊದಲ ಗಾಳಿಮಳೆಗೆ ಟಾರ್ಪಾಲು ಹಾರಿತು. ವಯಸ್ಸಾದ ತಾಯಿ ಅಕ್ಕಿಯ ಮುಡಿಗಳನ್ನು ಒಬ್ಬಳೇ ಪಡಸಾಲೆಗೆ ಎಳೆದು, ಸೋರುವಲ್ಲಿ ಪಾತ್ರೆಯಿಟ್ಟು, ರಾತ್ರಿಯೆಲ್ಲ ಕುಳಿತಿದ್ದಳು. "ನೀನು ಬರಬೇಡ, ಕೆಲಸ ಬಿಟ್ಟು ಬರುವುದು ಬೇಡ" ಎಂದಳೇ ಹೊರತು ಬೇರೊಂದು ಮಾತಾಡಲಿಲ್ಲ. ಆ ಮಾಡು ಮುಗಿದದ್ದು ದೀಪಾವಳಿಯ ಅನಂತರ, ಬೇರೊಬ್ಬರ ಕೈಯಿಂದ, ಎರಡನೆಯ ಸಲ ಹಣ ತೆತ್ತು.

ಕಂತ್ರಾಟುದಾರನನ್ನು ಬೈಯುವುದು ಸುಲಭ. ಕಾರಣವನ್ನು ತಿಳಿಯುವುದು ಅದಕ್ಕಿಂತ ಪ್ರಯೋಜನಕರ. ಒಂದೇ ಒಲೆಯಿರುವ ಅಡಿಗೆಮನೆಯಿಂದ ಹತ್ತು ಮೇಜುಗಳಿಗೆ ದೋಸೆ ಕೊಡುತ್ತೇನೆಂದು ಒಪ್ಪಿಕೊಂಡ ಸಪ್ಲಾಯರನ ಅವಸ್ಥೆ ಹೇಗಿರುವುದೆಂದು ನಮ್ಮ ಹೋಟೆಲ್ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಮಾಡಿನ ಕಂತ್ರಾಟಿನಲ್ಲಿಯೂ ಇದೇ ಪರಿಪಾಟ. ಒಂದು ಮನೆಯ ಮುಂಗಡದಿಂದ ಹಿಂದಿನ ಮನೆಯ ಮರ ಕೊಳ್ಳುವುದು. ಅದನ್ನು ತುಂಬಲು ಮೂರನೆಯ ಮನೆಯ ಮುಂಗಡ ಪಡೆಯುವುದು. ಮುಂಗಡ ಹೆಚ್ಚಾದಷ್ಟೂ ಅವನಿಗೆ ನಮ್ಮ ಮನೆಗೆ ಮರಳಿ ಬರುವ ಆತುರ ಕಡಿಮೆ. ಮಾಡು ಬಿಚ್ಚಿದ ಮೇಲೆ ನಾವು ಇನ್ನೊಬ್ಬನನ್ನು ಕರೆಯಲಾರೆವೆಂಬುದೂ ಅವನಿಗೆ ತಿಳಿದಿದೆ.

ಇನ್ನೊಂದು ಕಾರಣ ನಮ್ಮ ಮನಸ್ಸಿಗೆ ತುಸು ನೋವು ತರತಕ್ಕದ್ದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಊರುಗಳಲ್ಲಿ ಸೋಗೆ ಮತ್ತು ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹೆಂಚಿಗೆ ತಿರುಗಿದವು. ಹೆಂಚು ಹೊದಿಸಬಲ್ಲ ಕೈಗಳೂ ಊರೂರಿನಲ್ಲಿ ಬೆಳೆದವು. ಇಂದು ಆ ಕಾರ್ಖಾನೆಗಳಲ್ಲಿ ಹಲವು ಮುಚ್ಚಿವೆ. ಆ ಕೈಗಳೋ? ಮಾಡಿಗೆ ಹತ್ತಬಲ್ಲವರ ಮಕ್ಕಳು ಮುಂಬಯಿಗೂ ಪುಣೆಗೂ ಬಂದು ನಮ್ಮ ಜೊತೆಯಲ್ಲಿಯೇ ತಟ್ಟೆ ಹೊರುತ್ತಿದ್ದಾರೆ. ಊರಿನಲ್ಲಿ ಆಳು ಸಿಗುವುದಿಲ್ಲವೆಂದು ನಾವು ದೂರುವಾಗ, ಊರು ಬಿಟ್ಟವರಲ್ಲಿ ನಾವೇ ಮೊದಲಿಗರೆಂಬುದನ್ನು ಮರೆಯಲಾಗದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕಾಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ; ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಇದನ್ನರಿತೂ ಏಪ್ರಿಲಿನವರೆಗೆ ಸುಮ್ಮನಿದ್ದು, ಎಲ್ಲರೂ ಕರೆಯುವ ತಿಂಗಳಿನಲ್ಲಿಯೇ ನಾವೂ ಕರೆದರೆ ಮೇಸ್ತ್ರಿಯಾದರೂ ಏನು ಮಾಡಿಯಾನು? ಮಕರ ಸಂಕ್ರಾಂತಿಗೆ ಮಾತು ಮುಗಿದು, ಶಿವರಾತ್ರಿಗೆ ಕೆಲಸ ಆರಂಭವಾಗತಕ್ಕದ್ದು.

ಎರಡನೆಯದು, ಸಾಮಾನು. ಒಂದು ಚದರ, ಎಂದರೆ ನೂರು ಚದರಡಿ, ಮಾಡಿಗೆ ಸುಮಾರು 140 ಮಂಗಳೂರು ಹೆಂಚು ಬೇಕು. ಒಡೆಯುವುದಕ್ಕೆಂದು ಒಂದಷ್ಟು ಹೆಚ್ಚು ಇರಲಿ. ಒಂದು ಕಾರ್ಖಾನೆಯ ಹೆಂಚು ಮತ್ತೊಂದರ ಹೆಂಚಿನೊಡನೆ ಸರಿಯಾಗಿ ಕೂರದಿದ್ದರೆ ಆ ಸಂದಿನಲ್ಲಿಯೇ ನೀರು ಇಳಿಯುತ್ತದೆ. ಆದುದರಿಂದ ಹಳೆಯ ಹೆಂಚಿಗೆ ಹೊಂದುವ ಹೆಂಚೂ, ರೀಪು–ಪಕಾಸುಗಳಿಗೆ ಬೇಕಾದ ಮರವೂ ಅಂಗಳಕ್ಕೆ ಬಂದು ಬೀಳುವ ತನಕ ಒಂದೇ ಒಂದು ಹೆಂಚನ್ನೂ ಇಳಿಸಗೊಡಬಾರದು. ಒಂದು ಇಳಿಜಾರು ಮುಚ್ಚದೆ ಇನ್ನೊಂದನ್ನು ಬಿಚ್ಚಕೂಡದು. ಸಾಮಾನಿನ ಹಣವನ್ನು ಅಂಗಡಿಯವರಿಗೇ ನೇರವಾಗಿ ಸಲ್ಲಿಸುವುದು ಲೇಸು.

ಮೂರನೆಯದು, ಬರಹ. ಕೆಲಸದ ಅಳತೆ, ಮರದ ಜಾತಿ, ಒಟ್ಟು ಮೊತ್ತ, ಆರಂಭದ ಮತ್ತು ಮುಕ್ತಾಯದ ತಾರೀಕು, ಗಡುವು ಮೀರಿದರೆ ದಿನಕ್ಕೆ ಇಷ್ಟು ಕಡಿತ, ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಬೇಕು. ಮುಂಗಡ ನಾಲ್ಕರಲ್ಲಿ ಒಂದು ಪಾಲು ಮೀರದಿರಲಿ. ಉಳಿದುದು ಕೆಲಸ ನಡೆದಂತೆ ಕಂತುಗಳಲ್ಲಿ. ಕೊನೆಯ ಕಂತು ಮೊದಲ ಮಳೆ ಸುರಿದು ಮಾಡು ಸೋರದೆಂದು ಕಂಡ ಮೇಲೆ. ಹಣವನ್ನು ಬ್ಯಾಂಕಿನ ಮೂಲಕವೋ ಮೊಬೈಲಿನ ಮೂಲಕವೋ ಕಳುಹಿಸಿದರೆ ಅದೇ ರಸೀದಿ. "ಪರಿಚಯದವರು, ಬರೆಸಿಕೊಳ್ಳಲು ಸಂಕೋಚ" ಎನ್ನುವವರುಂಟು. ಹೋಟೆಲಿನಲ್ಲಿ ಪರಿಚಯದ ಗಿರಾಕಿಗೂ ಬಿಲ್ಲು ಕೊಡುವುದಿಲ್ಲವೇ? ಲೆಕ್ಕ ನೆಟ್ಟಗಿದ್ದರೆ ಪರಿಚಯ ಉಳಿಯುತ್ತದೆ.

ಇಷ್ಟಾದರೂ ಮಾತು ತಪ್ಪಿದರೆ ಕಾನೂನು ನಮ್ಮ ಕೈಬಿಟ್ಟಿಲ್ಲ. 1872ರ ಒಪ್ಪಂದ ಕಾಯಿದೆಯ 73ನೆಯ ಕಲಮಿನಂತೆ ಒಪ್ಪಂದ ಮುರಿದವನು ಅದರಿಂದ ಸಹಜವಾಗಿ ಉಂಟಾದ ನಷ್ಟವನ್ನು ತುಂಬಿಕೊಡಬೇಕು. ಇದಕ್ಕಿಂತ ನಮ್ಮಂಥವರಿಗೆ ಹತ್ತಿರವಾದುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಮನೆ ಕಟ್ಟುವ ಕೆಲಸವನ್ನು ಅದು ಸ್ಪಷ್ಟವಾಗಿ ಸೇವೆಯೆಂದು ಹೆಸರಿಸಿದೆ. ಕಂತ್ರಾಟು ಪಡೆದು ಕೈಬಿಟ್ಟವನ ಮೇಲೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ಕಟ್ಟೂ ಇಲ್ಲ. ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ: ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಕೊಡಲು ಈ ಕಾಯಿದೆ ಅವಕಾಶವಿತ್ತಿದೆ. ಎಂದರೆ ಕುಂದಾಪುರದ ಮನೆಯ ಮಾಡಿಗಾಗಿ ತಾನು ಹಣ ತೆತ್ತವನು ರಜೆ ಹಾಕಿ ಊರಿಗೆ ಓಡಬೇಕಾಗಿಲ್ಲ. ಮುಂಬಯಿಯಲ್ಲಿಯೇ ನ್ಯಾಯ ಕೇಳಬಹುದು. ಮೊದಲ ಹೆಜ್ಜೆಯಾಗಿ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ ಸಲಹೆ ಪಡೆಯಬಹುದು. ಆದರೆ ಒಂದು ಎಚ್ಚರ: ನಮ್ಮ ಹೇಳಿಕೆಯಂತೆ ದಿನಗೂಲಿಗೆ ದುಡಿಯುವ ಆಳಿನ ವಿಷಯದಲ್ಲಿ ಈ ದಾರಿ ಸಲ್ಲದು, ಗುತ್ತಿಗೆ ಪಡೆದವನಿಗೆ ಮಾತ್ರ ಅನ್ವಯ.

ಕಾನೂನಿಗಿಂತ ಮುಂಚೆ ನಾವೇ ಮಾಡಬಹುದಾದುದೂ ಒಂದಿದೆ. ಒಂದೇ ಊರಿನ ಹತ್ತು ಮಂದಿ ಮುಂಬಯಿಯಲ್ಲಿದ್ದರೆ ಹತ್ತು ಮನೆಗಳ ಕೆಲಸವನ್ನು ಒಟ್ಟಿಗೆ ಸರದಿಯಂತೆ ಒಪ್ಪಿಸಲಿ. ರಜೆಯಲ್ಲಿ ಊರಿಗೆ ಹೋದವನು ತನ್ನ ಮನೆಯಷ್ಟೇ ಅಲ್ಲದೆ ನೆರೆಮನೆಯ ಮಾಡನ್ನೂ ಒಮ್ಮೆ ನೋಡಿಬರಲಿ. ಹತ್ತು ಮನೆಗಳ ಕೆಲಸ ಕೈತಪ್ಪೀತೆಂಬ ಅಂಜಿಕೆ ಇರುವವನು ಒಂದು ಮನೆಗೆ ಮೋಸ ಮಾಡಲು ಹಿಂದೆಮುಂದೆ ನೋಡಿಯಾನು. ವಯಸ್ಸಾದ ತಾಯಿತಂದೆಗಳ ಮೇಲೆ ಚೌಕಾಸಿಯ ಭಾರ ಹೊರಿಸುವುದನ್ನಂತೂ ನಾವು ಬಿಡಲೇಬೇಕು.

ಹಾಗೆಯೇ, ಹೇಳಿದ ದಿನಕ್ಕೆ ಕೆಲಸ ಮುಗಿಸಿದ ಮೇಸ್ತ್ರಿಗೆ ಹೇಳಿದ ದಿನವೇ ಹಣ ಸಲ್ಲಿಸಬೇಕು. ಕೊನೆಯ ಕಂತನ್ನು ಚೌತಿಗೆ, ಚೌತಿಯಿಂದ ದೀಪಾವಳಿಗೆ ಮುಂದೂಡುವವರು ನಮ್ಮಲ್ಲಿಯೂ ಇಲ್ಲದಿಲ್ಲ. ಅಂಥವರಿಂದಲೇ ಹೆಚ್ಚು ಮುಂಗಡ ಕೇಳುವ ಚಾಳಿ ಬೆಳೆದಿದೆ.

ನಾವು ಇಲ್ಲಿ ಬಾಡಿಗೆಯ ಕೋಣೆಯಲ್ಲಿ ಹತ್ತು ಜನ ಮಲಗಿ ದುಡಿಯುವುದು ಊರಿನಲ್ಲಿ ನಮ್ಮವರು ಬೆಚ್ಚಗೆ ಮಲಗಲೆಂದು. ಆ ಮಾಡು ಸೋರಿದರೆ ಇಲ್ಲಿಯ ದುಡಿಮೆಗೆ ಅರ್ಥವಿಲ್ಲ. ಮುಂದಿನ ಸಂಕ್ರಾಂತಿಗೆ ಊರಿನಿಂದ ಕರೆ ಬರುವುದನ್ನು ಕಾಯದೆ, ನಾವೇ ಮೊದಲು ಕರೆಮಾಡಿ ಕೇಳೋಣ: "ಅಮ್ಮಾ, ಮಾಡು ಹೇಗಿದೆ?"