ಓಟ್ಸ್ ಗಂಜಿಯೂ ಪೊಟ್ಟಣದ ಬರಹವೂ

ರಕ್ತದಲ್ಲಿ ಕೊಬ್ಬು ಹೆಚ್ಚಿತೆಂದು ವೈದ್ಯರಲ್ಲಿಗೆ ಹೋದವರು ಈಚೆಗೆ ಔಷಧದ ಚೀಟಿಯೊಡನೆ ಒಂದು ಉಪದೇಶವನ್ನೂ ತರುತ್ತಾರೆ: ಬೆಳಗಿನ ಉಪಾಹಾರಕ್ಕೆ ಓಟ್ಸ್ ತಿನ್ನಬೇಕು. ಯಾವ ಬಗೆಯ ಓಟ್ಸ್, ಎಷ್ಟು, ಹೇಗೆ ಬೇಯಿಸಿದ್ದು ಎಂಬುದನ್ನು ವಿವರಿಸುವಷ್ಟು ವ್ಯವಧಾನವು ಅನೇಕ ವೈದ್ಯರಿಗಿಲ್ಲ; ಕೇಳುವಷ್ಟು ಧೈರ್ಯವು ರೋಗಿಗಿಲ್ಲ. ಉಳಿದುದನ್ನೆಲ್ಲ ಅಂಗಡಿಯ ಪೊಟ್ಟಣವೇ ಹೇಳಿಕೊಡುತ್ತದೆ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನಾಡುವುದು ಅವಶ್ಯವೆಂದು ನಮಗೆ ತೋರಿದೆ.

ಹೊರಗಿನಿಂದ ಬಂದ ಧಾನ್ಯವೆಂಬ ಮಾತ್ರಕ್ಕೆ ಓಟ್ಸನ್ನು ಹಳಿಯುವವರ ಪಂಕ್ತಿಯಲ್ಲಿ ನಾವು ಕುಳಿತಿಲ್ಲ. ಮೆಣಸಿನಕಾಯಿಯೂ ಆಲೂಗಡ್ಡೆಯೂ ಹಡಗಿನಲ್ಲಿ ಬಂದವುಗಳೇ; ಇಂದು ಅವಿಲ್ಲದೆ ನಮ್ಮ ಅಡಿಗೆಯೇ ಸಾಗದು. ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಹಾಕುವ ಈ ಧಾನ್ಯವು ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುತ್ತದೆಂದು ಸಾಮ್ಯುಯೆಲ್ ಜಾನ್‌ಸನ್ನನು 1755ರ ತನ್ನ ನಿಘಂಟಿನಲ್ಲಿ ಕುಚೋದ್ಯ ಮಾಡಿದ್ದನು. ಉತ್ತರ ಭಾರತದಲ್ಲಿ ಇಂದಿಗೂ ಇದನ್ನು ಬಹುಮಟ್ಟಿಗೆ ದನಗಳ ಮೇವಿಗಾಗಿಯೇ ಬೆಳೆಯುತ್ತಾರೆ. ಅದರಿಂದ ಧಾನ್ಯದ ಗುಣಕ್ಕೇನೂ ಕುಂದಿಲ್ಲ.

ಆ ಗುಣವು ಯಾವುದು? ಓಟ್ಸಿನಲ್ಲಿ ಬೀಟಾ-ಗ್ಲೂಕಾನ್ ಎಂಬ, ನೀರಿನಲ್ಲಿ ಕರಗುವ ನಾರುಂಟು. ಗಂಜಿಯು ಬೆಂದಾಗ ಲೋಳೆಗಟ್ಟುವುದಕ್ಕೆ ಇದು ಮುಖ್ಯ ಕಾರಣ. ಈ ಲೋಳೆಯು ಕರುಳಿನಲ್ಲಿ ಪಿತ್ತದ ಆಮ್ಲಗಳನ್ನು ಹಿಡಿದು ಹೊರಕ್ಕೆ ಸಾಗಿಸುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಯಕೃತ್ತು ರಕ್ತದೊಳಗಿನ ಕೊಲೆಸ್ಟರಾಲನ್ನು ಎಳೆದುಕೊಳ್ಳಬೇಕಾಗುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್ ಸೇರಿದರೆ ಕೆಟ್ಟ ಕೊಲೆಸ್ಟರಾಲು ಶೇಕಡಾ 5ರಿಂದ 10ರಷ್ಟು ಇಳಿಯುವುದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿಯೇ ಈ ಮಾತನ್ನು ಪೊಟ್ಟಣದ ಮೇಲೆ ಅಚ್ಚುಹಾಕಲು ಅನುಮತಿಯಿತ್ತಿತು. ಆದರೆ 3 ಗ್ರಾಂ ದೊರೆಯಬೇಕಾದರೆ ಸುಮಾರು 75 ಗ್ರಾಂ ಒಣ ಓಟ್ಸ್ ಬೇಕು. ಎರಡು ಚಮಚವನ್ನು ಹಾಲಿಗೆ ಉದುರಿಸಿ ಕುಡಿದು ನಿಶ್ಚಿಂತರಾಗುವವರು ಈ ಲೆಕ್ಕವನ್ನು ನೆನೆಯಲಿ. ಇದನ್ನು ನೆಚ್ಚಿ ಔಷಧವನ್ನು ನಿಲ್ಲಿಸುವುದಂತೂ ಅವಿವೇಕವೇ ಸರಿ.

ಬಗೆಗಳಲ್ಲಿಯೂ ಅಂತರವುಂಟು. ಕಾಳನ್ನು ಎರಡು ಮೂರು ತುಂಡು ಮಾಡಿದ್ದು ಒಂದು. ಆವಿಯಲ್ಲಿ ಬೇಯಿಸಿ ಅವಲಕ್ಕಿಯಂತೆ ಒತ್ತಿದ್ದು ಇನ್ನೊಂದು. ಅದನ್ನೇ ಮತ್ತಷ್ಟು ತೆಳ್ಳಗೆ ಒತ್ತಿ, ಬಿಸಿನೀರು ಹೊಯ್ದ ಕ್ಷಣದಲ್ಲಿ ಸಿದ್ಧವಾಗುವಂತೆ ಮಾಡಿದ್ದು ಮೂರನೆಯದು. ಕಾಳು ನುಣ್ಣಗಾದಷ್ಟೂ ರಕ್ತದಲ್ಲಿ ಸಕ್ಕರೆಯು ಬೇಗ ಏರುತ್ತದೆ. ಮಧುಮೇಹಿಗಳಿಗೆ ಇದು ಸಣ್ಣ ಮಾತಲ್ಲ. ಈ ಮೂರನೆಯದಕ್ಕೆ ಹಣ್ಣಿನ ಪರಿಮಳವನ್ನೂ ಸಕ್ಕರೆಯನ್ನೂ, ಇಲ್ಲವೆ ಮಸಾಲೆಯನ್ನೂ ಉಪ್ಪನ್ನೂ ಬೆರೆಸಿ ಮಾರುವಾಗ ಹೃದಯದ ಚಿತ್ರವು ಮುಂಭಾಗದಲ್ಲಿ ದೊಡ್ಡದಾಗಿಯೂ ಸಕ್ಕರೆಯ ಲೆಕ್ಕವು ಹಿಂಭಾಗದಲ್ಲಿ ಇರುವೆಯ ಸಾಲಿನಂತೆಯೂ ಇರುತ್ತದೆ. ಒತ್ತಿದ ಓಟ್ಸನ್ನು ಬರಿಯ ನೀರಿನಲ್ಲಿ ಬೇಯಿಸಿ, ಮಜ್ಜಿಗೆಯೊಡನೆಯೋ ತರಕಾರಿ ಹಾಕಿ ಉಪ್ಪಿಟ್ಟಿನಂತೆಯೋ ಉಣ್ಣುವುದು ಲೇಸೆಂದು ನಮ್ಮ ಅಭಿಮತ.

ಇನ್ನು, ರಾಗಿಯ ಅಂಬಲಿ ಕುಡಿಯುವ ಮನೆಯವರು ಓಟ್ಸ್ ಕೊಳ್ಳಲಾರೆವೆಂದು ನಾಚಬೇಕಾದುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಓಟ್ಸಿನಲ್ಲಿ ಅದು 50ರ ಆಸುಪಾಸು. ಹಾಗೆಂದು ಓಟ್ಸಿನ ಗುಣವೆಲ್ಲವೂ ರಾಗಿಯಲ್ಲಿದೆಯೆಂದು ಸಾರುವ ಅತ್ಯಭಿಮಾನವೂ ನಮಗೆ ಒಪ್ಪಿಗೆಯಿಲ್ಲ. ಬೀಟಾ-ಗ್ಲೂಕಾನಿನಲ್ಲಿ ಓಟ್ಸಿಗೆ ಸರಿದೊರೆಯಾದುದು ನಮ್ಮ ಜವೆಗೋಧಿ, ರಾಗಿಯಲ್ಲ. ಅದು ಈ ನಾಡಿನ ಹಳೆಯ ಧಾನ್ಯವಾದರೂ ಅದನ್ನು ತಿನ್ನಿರೆಂದು ಹೇಳುವ ಜಾಹೀರಾತು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸರಕಾರಕ್ಕೆ ಹೇಳತಕ್ಕದ್ದೊಂದಿದೆ. 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ವಿವರಗಳು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯು ಮಾರುವವನ ಇಚ್ಛೆಗೆ ಬಿಟ್ಟದ್ದು. ಕನ್ನಡವೊಂದನ್ನೇ ಬಲ್ಲ ಮುದುಕಿಯು ಗಂಡನ ಮಧುಮೇಹಕ್ಕೆಂದು ಕೊಂಡ ಪೊಟ್ಟಣದಲ್ಲಿ ಸಕ್ಕರೆಯೆಷ್ಟೆಂಬುದನ್ನು ಯಾರಿಂದ ಓದಿಸಿಕೊಳ್ಳಬೇಕು? ಕರ್ನಾಟಕದಲ್ಲಿ ಮಾರುವ ಆಹಾರದ ಪೊಟ್ಟಣಗಳ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬುಗಳ ಪ್ರಮಾಣವು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದಬಹುದಾದಷ್ಟು ದೊಡ್ಡ ಅಕ್ಷರಗಳಲ್ಲಿ ಇರತಕ್ಕದ್ದೆಂದು ನಿಯಮವನ್ನು ತಿದ್ದಿಸಲು ರಾಜ್ಯದ ಸಂಸತ್ಸದಸ್ಯರು ಪಕ್ಷಭೇದವನ್ನು ಬದಿಗಿಟ್ಟು ಕೇಂದ್ರವನ್ನು ಒತ್ತಾಯಿಸಬೇಕು.