ಬಣ್ಣ ಬದಲಾದರೆ ಕಥೆಯೂ ಬದಲು

ಚೀನಾದ ಕತ್ತಿವರಸೆ ಸಿನಿಮಾ ಅಂದ್ರೆ ಬರೀ ಹಾರಾಟ, ಹೊಡೆದಾಟ ಅನ್ನೋರು 2002ರಲ್ಲಿ ಬಂದ ಜಾಂಗ್ ಯಿಮೌ ನಿರ್ದೇಶನದ ‘ಹೀರೋ’ ಒಮ್ಮೆ ನೋಡಿ. ಹೆಸರಿಲ್ಲದ ಯೋಧನಾಗಿ ಜೆಟ್ ಲೀ, ಚಿನ್ ರಾಜನ ಶತ್ರುಗಳನ್ನು ತಾನು ಮುಗಿಸಿದ ಕಥೆಯನ್ನು ರಾಜನೆದುರೇ ಕೂತು ಹೇಳ್ತಾನೆ. ಆ ಕಥೆಯ ಬಹುಪಾಲು ಕೆಂಪು, ಅಸೂಯೆ, ಆವೇಶ. ರಾಜ ನಂಬಲ್ಲ. ಅವನು ಊಹಿಸುವ ಕಥೆ ನೀಲಿ. ಅಲ್ಲಿ ಅದೇ ಜನ ತ್ಯಾಗಿಗಳು. ಕೊನೆಗೆ ಹೊರಬೀಳುವ ನಿಜ ಬಿಳಿ. ಚೀನೀ ಸಂಪ್ರದಾಯದಲ್ಲಿ ಬಿಳಿ ಸಾವಿನ ಶೋಕದ ಬಣ್ಣ.

ನನಗೆ ತುಂಬಾ ಹಿಡಿಸಿದ್ದು ದೀಪಗಳು. ಇಬ್ಬರ ನಡುವೆ ಸಾಲಾಗಿ ಉರಿಯುವ ದೀಪದ ಕುಡಿಗಳು ಅಲುಗಾಡಿದ್ದನ್ನು ನೋಡಿಯೇ ರಾಜ, ಇವನು ಕೊಲ್ಲೋಕೆ ಬಂದವನು ಅಂತ ಗುರುತಿಸ್ತಾನೆ. ಒಂದು ಮಾತೂ ಬೇಕಾಗಲ್ಲ.

ಆದರೆ ಕೊನೆ ಮಾತ್ರ ಗಂಟಲಲ್ಲಿ ಇಳಿಯಲ್ಲ. ನಾಡೆಲ್ಲ ಒಂದಾಗಲಿ ಅಂತ ಯೋಧ ರಾಜನನ್ನು ಉಳಿಸ್ತಾನೆ. ಅವನ ಸೈನ್ಯದ ಬಾಣಗಳಿಗೇ ಬಲಿಯಾಗ್ತಾನೆ. ಸರ್ವಾಧಿಕಾರವನ್ನು ಸಮರ್ಥಿಸುವ ಸಿನಿಮಾ ಅಂತ ಕೆಲವು ವಿಮರ್ಶಕರು ಟೀಕಿಸಿದ್ದು ಇದಕ್ಕೇ. ಕಣ್ಣಿಗೆ ಹಬ್ಬ ಆಗಿದ್ದನ್ನೆಲ್ಲ ಮನಸ್ಸು ಒಪ್ಪಬೇಕಾಗಿಲ್ಲ ನೋಡಿ.

ಆದರೂ ಕೋಟೆಬಾಗಿಲ ತುಂಬ ನಾಟಿದ ಬಾಣಗಳ ನಡುವೆ ಒಬ್ಬ ಮನುಷ್ಯನ ಆಕಾರದ ಖಾಲಿ ಜಾಗ ಉಳಿಯುತ್ತೆ. ಒಗ್ಗಟ್ಟಿನ ಬೆಲೆ ತೆತ್ತವರು ಯಾರು ಅಂತ ಕಥೆ ಕೇಳದಿದ್ದರೂ ಆ ಚಿತ್ರ ಕೇಳುತ್ತೆ.