ಕಣ್ಣಿಗೆ ತಕ್ಕ ದುರ್ಬೀನು ಬೇಕ್ರಿ, ದುರ್ಬೀನಿಗೆ ತಕ್ಕ ಕಣ್ಣಲ್ಲ

(1/4)

ದುರ್ಬೀನು ಕೊಳ್ಳಾಕ ಹೋದವರು ಅಂಗಡ್ಯಾಗ ಕೇಳೋದು ಎರಡೇ ಮಾತು. "ಎಷ್ಟು ದೂರ ಕಾಣಸ್ತೈತ್ರಿ?" ಆಮೇಲೆ "ರೇಟ್ ಎಷ್ಟು?" ಈ ಎರಡಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ಇದನ್ನು ಪೂರ್ತಿ ಅಗಲಿಸಿದರೆ ಎರಡು ಕಣ್ಣುಗಾಜಿನ ನಡುವೆ ಎಷ್ಟು ಮಿಲಿಮೀಟರ್ ಬರುತ್ತದೆ? ನಾನು ಕೈಯಲ್ಲಿ ಹಿಡಿದ ಯಾವ ಡಬ್ಬಿಯ ಮೇಲೂ ಆ ಅಂಕಿ ಇರಲಿಲ್ಲ. 10x50 ಅಂತ ದಪ್ಪ ಅಕ್ಷರದಾಗ ಇರತೈತಿ, ಪಟ್ಟಿ, ಚೀಲ, ಒರೆಸೋ ಬಟ್ಟೆ ಉಚಿತ ಅಂತ ಇರತೈತಿ, ಇದೊಂದು ಇರೂದಿಲ್ಲ. ನಂಬರ್ ಹಾಕದೆ ಚಪ್ಪಲಿ ಮಾರಿದಂಗಾತಿದು.

ನನ್ನ ಎರಡು ಕಣ್ಣಪಾಪೆಗಳ ನಡುವೆ 76 ಮಿ.ಮೀ. ಅಂತರವಿದೆ. ಸಾಲ್ಯಾಗ ಇದ್ದಾಗ ಇದಕ್ಕೆ ಅಡ್ಡಹೆಸರೂ ಇತ್ತು, ಅದು ಬ್ಯಾಡ ಬಿಡ್ರಿ. ಯಾರ ದುರ್ಬೀನು ಇಸಗೊಂಡು ಹಿಡಿದರೂ ಒಂದು ಕಣ್ಣಿಗೆ ಕೆರೆ, ಇನ್ನೊಂದು ಕಣ್ಣಿಗೆ ಕತ್ತಲು. ಒಬ್ಬ ಅಂಗಡಿಯವರು "ಸರ, ನಿಮ್ಮ ಕಣ್ಣಿಂದೇ ಏನೋ ಪ್ರಾಬ್ಲೆಮ್ ಐತಿ, ಡಾಕ್ಟರಿಗೆ ತೋರಸ್ರಿ" ಅಂದರು. ತೋರಿಸಿದೆ. ಎರಡೂ ಕಣ್ಣು 6/6.

(2/4)

76 ಅಂದರೆ ರೋಗವಲ್ಲ, ಅಳತೆ. ಕೇಂಬ್ರಿಜ್‌ನ ನೀಲ್ ಡಾಡ್ಜ್‌ಸನ್ ಅನ್ನೋರು 2004ರಲ್ಲಿ ಈ ಅಂತರದ ಬಗ್ಗೆ ಆಗಲೇ ಇದ್ದ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ದೊಡ್ಡವರ ಸರಾಸರಿ ಸುಮಾರು 63 ಮಿ.ಮೀ.; ಬಹುಪಾಲು ಜನ 50ರಿಂದ 75ರ ಒಳಗೆ. ನಾನು ಆ ಗೆರೆಯಿಂದ ಒಂದೇ ಮಿಲಿಮೀಟರ್ ಆಚೆ. ಆದರೆ ಎಷ್ಟೋ ದುರ್ಬೀನುಗಳು 56ರ ಹತ್ತಿರ ಶುರುವಾಗಿ 72-74ಕ್ಕೇ ನಿಂತುಬಿಡುತ್ತವೆ. ಸಣ್ಣ, ಸೋವಿ ಮಾಡೆಲ್ಲು ಕೆಲವು 70ಕ್ಕೂ ಮುಟ್ಟೋದಿಲ್ಲ.

ಯಾಕೆ ನಿಲ್ಲುತ್ತವೆ ಅಂದ್ರ, ನಡುವೆ ಇರೋದು ಒಂದೇ ಕೀಲು. ಬಾಗಿಲ ಬಿಜಾಗರಿ ಇದ್ದಂಗ. ಎರಡು ಕೊಳವೆಯೂ ಕೀಲೂ ಒಂದೇ ಗೆರೆಗೆ ಬಂದಾಗ ಅದೇ ಅದರ ಗರಿಷ್ಠ ಅಗಲ. ಆಮೇಲೆ ಜಗ್ಗಿದರೆ ಮುರಿಯುತ್ತದೆ ಅಷ್ಟೆ.

ಈಗ ಸ್ವಲ್ಪ ಲೆಕ್ಕ. ಬ್ಯಾಸರ ಮಾಡ್ಕೋಬ್ಯಾಡ್ರಿ, ದುಡ್ಡು ಉಳಿಯೋದು ಇಲ್ಲೇ.

ದುರ್ಬೀನನ್ನು ಬೆಳಕಿನ ಕಡೆ ಹಿಡಿದು ಒಂದು ಮೊಳ ದೂರದಿಂದ ಕಣ್ಣುಗಾಜನ್ನು ನೋಡಿ. ಒಳಗೆ ಸಣ್ಣ ಬೆಳಕಿನ ಬಿಲ್ಲೆ ಕಾಣುತ್ತದೆ. ದೂರದ ಚಿತ್ರವೆಲ್ಲ ಆ ಬಿಲ್ಲೆಯ ಮೂಲಕವೇ ಕಣ್ಣಿಗೆ ಬರಬೇಕು. ಅದರ ಅಗಲ ಎಷ್ಟಂದರೆ, ಮುಂದಿನ ಗಾಜಿನ ಅಗಲವನ್ನು ಪವರ್‌ನಿಂದ ಭಾಗಿಸಿದಷ್ಟು. 10x25ಕ್ಕೆ 2.5 ಮಿ.ಮೀ., 8x42ಕ್ಕೆ 5.25, 7x50ಕ್ಕೆ 7ಕ್ಕಿಂತ ತುಸು ಹೆಚ್ಚು. ನಮ್ಮ ಕಡೆ ಬಿಸಿಲಿಗೆ ಕಣ್ಣಪಾಪೆ ಕುಗ್ಗಿ 2-3 ಮಿ.ಮೀ. ಆಗಿರುತ್ತದೆ.

ನನ್ನ 76ಕ್ಕೆ 70ರ ದುರ್ಬೀನು ಸಿಕ್ಕರೆ ಒಂದೊಂದು ಕಣ್ಣು 3 ಮಿ.ಮೀ. ಹೊರಗೆ ಬೀಳುತ್ತದೆ. 10x25 ಆಗಿದ್ದರೆ ಬಿಲ್ಲೆ ಒಂದು ಕಡೆ, ಪಾಪೆ ಇನ್ನೊಂದು ಕಡೆ. ಎರಡೂ ಕಣ್ಣಿಂದ ಒಟ್ಟಿಗೆ ನೋಡೋ ಮಾತೇ ಇಲ್ಲ. ಅದೇ 74ರವರೆಗೆ ಅಗಲವಾಗೋ 8x42 ಆದರೆ ಒಂದೊಂದು ಕಣ್ಣಿಗೆ ತಪ್ಪೋದು 1 ಮಿ.ಮೀ. ಮಾತ್ರ. ಬಿಲ್ಲೆ 5 ಮಿ.ಮೀ. ದಾಟಿರೋದರಿಂದ ಪಾಪೆ ಪೂರ್ತಿ ಅದರೊಳಗೇ ಕೂರುತ್ತದೆ. ಡಬ್ಬಿಯ ಅಳತೆ ನನಗಿಂತ 2 ಮಿ.ಮೀ. ಕಡಿಮೆ ಇದ್ದರೂ ಚಿತ್ರ ಸ್ವಚ್ಛ.

ಅದಕ್ಕೇ ನಾನು ಹೇಳೋದು: ಅಗಲ ಕಣ್ಣಿನವರು ಪವರ್ ಹಿಂದೆ ಬೀಳಬಾರದು. 20x ಅಂತ ಕೂಗೋ ಸಣ್ಣ ದುರ್ಬೀನು ನಮಗಂತೂ ಶುದ್ಧ ದಂಡ. (ಎಲ್ಲರಿಗೂ ದಂಡಾನೇ, ಕೈ ನಡುಗಿದರ ಹಕ್ಕಿ ಬದಲು ಭೂಕಂಪ ಕಾಣತೈತಿ.)

(3/4)

ಅಳೀಯೋದು ಹೆಂಗ? ಕನ್ನಡಿ ಮುಂದೆ ನಿಂತು ಹುಬ್ಬಿನ ಕೆಳಗೆ ಮಿ.ಮೀ. ಸ್ಕೇಲ್ ಅಡ್ಡ ಹಿಡೀರಿ. ಬಲಗಣ್ಣು ಮುಚ್ಚಿ, ಎಡ ಪಾಪೆಯ ನಡುವಿಗೆ ಸೊನ್ನೆ ಕೂಡಿಸಿ. ತಲೆ, ಕೈ ಅಲುಗಿಸದೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದು, ಬಲ ಪಾಪೆಯ ನಡುವೆ ಎಷ್ಟಿದೆ ಓದಿ. ಮೂರು ಸಲ ಮಾಡಿ. ಎರಡನೇ ಫೋಟೊದಾಗ ಸ್ಕೇಲ್ ಹಿಡ್ಕೊಂಡು ನಿಂತಾಂವ ನಾನೇ, ನಗಬ್ಯಾಡ್ರಿ. ಚಷ್ಮಾ ಹಾಕೋರಿಗೆ ಇನ್ನೂ ಸಲೀಸು: ಅಂಗಡಿಯವರನ್ನು "ನಮ್ಮ ಪಿ.ಡಿ. ಎಷ್ಟ್ರಿ" ಅಂತ ಕೇಳಿ. ದೂರದ ಪಿ.ಡಿ. ಅಂತ ಒತ್ತಿ ಹೇಳಿ. ಓದೋ ಚಷ್ಮಾದ್ದು ಸುಮಾರು 3 ಮಿ.ಮೀ. ಕಡಿಮೆ ಇರುತ್ತದೆ.

ಅದೇ ಸ್ಕೇಲ್ ಕಿಸೆದಾಗ ಇಟ್ಕೊಂಡು ದುರ್ಬೀನಿನ ಅಂಗಡಿಗೆ ಹೋಗಿ. ಪೂರ್ತಿ ಅಗಲಿಸಿ, ಬೆಳಕಿಗೆ ಹಿಡಿದು, ಎರಡು ಬಿಲ್ಲೆಗಳ ನಡುವಿನಿಂದ ನಡುವಿಗೆ ಅಳೆಯಿರಿ. ಆನ್‌ಲೈನ್ ಆದರೆ ಆ ಅಂಕಿ ಬರೆದು ಕಳಿಸಿ ಅಂತ ಮೊದಲೇ ಕೇಳಿ, ಉತ್ತರ ಬರದಿದ್ದರೆ ಬಿಟ್ಟುಬಿಡಿ. ಎರಡು ಕೀಲಿನ ಕಿಸೆ ದುರ್ಬೀನು ಕೆಲವು ಚಲೋ ಅಗಲ ಆಗುತ್ತವೆ, ಆದರೆ ಬಿಲ್ಲೆ ಸಣ್ಣದು, ನೆನಪಿರಲಿ. ಏನೂ ಕೂಡಿ ಬರದಿದ್ದರೆ ಒಂಟಿ ಕೊಳವೆಯದು ಇದ್ದೇ ಇದೆ. ಅದಕ್ಕೆ ಯಾರ ಮುಖದ ಅಳತೆಯೂ ಬೇಕಿಲ್ಲ. ಆದರೆ ತಾಸುಗಟ್ಟಲೆ ಒಂದೇ ಕಣ್ಣಿಂದ ನೋಡೋದು ದಣಿವು. ನಾನು ಅದನ್ನು ಕೊನೆಗೆ ಇಡುತ್ತೇನೆ.

(4/4)

ಇಷ್ಟೆಲ್ಲಾ ಯಾಕ್ ಬೇಕ್ರಿ ಅಂತೀರಿ? ಇಟ್ಟಂಗಿಹಾಳದ ಸುತ್ತ ಗುಡ್ಡ, ದಟ್ಟ ಕಾಡು ಅಂತ ಏನಿಲ್ಲ. ಬಯಲು. ಬಯಲಿನ ಹಕ್ಕಿ ಹತ್ತಿರ ಬಿಟ್ಟುಕೊಳ್ಳೋದಿಲ್ಲ. ಚಳಿಗಾಲಕ್ಕೆ ಗುಲಾಬಿ ಕಬ್ಬಕ್ಕಿ ಬಿಳಿಜೋಳದ ಹೊಲದ ಮ್ಯಾಲೆ ಮೋಡದಂತೆ ಏಳುತ್ತವೆ; ಬರಿಗಣ್ಣಿಗೆ ಅದು ಕರೀ ಮೋಡವೇ, ಗುಲಾಬಿ ಕಾಣಬೇಕಂದ್ರ ಗಾಜು ಬೇಕು. ಆಲಮಟ್ಟಿ ಹಿನ್ನೀರಿನ ರಾಜಹಂಸಗಳೂ ಹಂಗ, ದಂಡಿಯಿಂದ ಬರೀ ಬಿಳೀ ಗೆರೆ. ಹಿಮಾಲಯ ದಾಟಿ ಗದಗದ ಮಾಗಡಿ ಕೆರೆಗೆ ಇಳಿಯೋ ಪಟ್ಟೆತಲೆ ಹೆಬ್ಬಾತಿನ ತಲೆಯ ಎರಡು ಪಟ್ಟೆ ಕಾಣದಿದ್ದರೆ ಅಷ್ಟು ದೂರ ಹೋಗಿ ಏನು ನೋಡಿದಂಗಾತು?

ನನ್ನ ಸಿಟ್ಟು ಇನ್ನೂ ಒಂದು ಕಡೆ ಇದೆ. ಇದೇ ಅಂಕಿ ಕೆಳಗಿನ ತುದಿಯಲ್ಲೂ ಕಚ್ಚುತ್ತದೆ. ನಮ್ಮ ಅಣ್ಣನ ಮಗಳು ಐದನೇತ್ತೆ, ಆಕಿದು 52. ನೇರ ಕೊಳವೆಯ 50 ಮಿ.ಮೀ. ಗಾಜಿನ ದುರ್ಬೀನಿನಲ್ಲಿ ಕೊಳವೆಗಳೇ ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಆಕಿಯ ಕಣ್ಣಿನಷ್ಟು ಹತ್ತಿರ ಬರಲಾರವು. ಹಕ್ಕಿ ನೋಡಾಕ ಅಂತ ಮಕ್ಕಳನ್ನ ಕರಕೊಂಡು ಹೋದಾಗ ದೊಡ್ಡವರ ದುರ್ಬೀನು ಕೈಗೆ ಕೊಡತಾರ. "ಕಾಣ್ತಾ?" ಅಂತಾರ. ಹಿಂದೆ ಹತ್ತು ಮಕ್ಕಳ ಪಾಳಿ ಇರತೈತಿ. ಕೂಸು "ಹೂಂ" ಅಂತೈತಿ, ಮುಂದಿನವರಿಗೆ ದಾಟಿಸತೈತಿ. ಏನೂ ಕಂಡಿರೂದಿಲ್ಲ. ಆ "ಹೂಂ" ನನಗೆ ಚಲೋ ಗೊತ್ತು, ನಾನೂ ಎಷ್ಟೋ ಸಲ ಅಂದಿದ್ದೇನೆ.

ಹಂಗಾಗಿ ಕೆರೆಗೆ ಮಕ್ಕಳನ್ನ ಒಯ್ಯೋ ಮಾಸ್ತರರಿಗೆ, ಅಕ್ಕೋರಿಗೆ ಒಂದು ಮಾತು: ಹೋಗೋ ಹಿಂದಿನ ದಿನ ತರಗತಿಯಲ್ಲೇ ಸ್ಕೇಲ್ ಹಿಡಿದು ಎಲ್ಲರದ್ದೂ ಅಳೆಯಿರಿ. ಹತ್ತು ನಿಮಿಷದ ಕೆಲಸ, ಗಣಿತವೂ ಆತು. ಯಾರಿಗೆ ಯಾವ ದುರ್ಬೀನು ಅಂತ ಮೊದಲೇ ಗೊತ್ತಿರುತ್ತದೆ, "ಕಾಣ್ತಾ?" ಬದಲು "ಏನ್ ಕಾಣ್ತು?" ಅಂತ ಕೇಳಬಹುದು.

ನಿಮ್ಮ ಅಂಕಿ ಎಷ್ಟು, ನಿಮ್ಮ ದುರ್ಬೀನು ಎಲ್ಲಿಗೆ ನಿಲ್ಲುತ್ತದೆ, ಕಾಮೆಂಟಿನಾಗ ಬರೀರಿ. 70 ದಾಟಿದವರು ಮಾಡೆಲ್ ಹೆಸರೂ ಹಾಕ್ರಿ, ಒಂದು ಪಟ್ಟಿ ಮಾಡಿ ಪಿನ್ ಮಾಡ್ತೀನಿ.

#ಇಟ್ಟಂಗಿಹಾಳ #ವಿಜಯಪುರ #ದುರ್ಬೀನು #ಹಕ್ಕಿನೋಟ